ಜಿಮ್ಮಿಗೆ ಬಂದ ಮದ್ರಾಸ್ ಐ

ಮೆತ್ತಗೆ ಮಾತಾಡುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಮನೆಗೆ ಬಂದ ನೆಂಟರನ್ನು ನಾನು "ಯಾವಾಗ ಬಂದ್ರಿ?" ಎಂದು ವಿಚಾರಿಸಿದರೆ ಅವರು ಗಾಬರಿಯಾಗಿ, ತಾವು ವಾಪಸು ಹೋಗುವ ರೈಲು ಯಾವುದೆಂದು ಹೇಳಿಬಿಡುತ್ತಾರೆ. ಪ್ರೀತಿ ಇಲ್ಲವೆಂದಲ್ಲ. ಗಂಟಲಿನ ತನಕ ಚೆನ್ನಾಗಿಯೇ ಬರುತ್ತದೆ, ಬಾಯಿ ದಾಟುವಾಗ ಮಾತ್ರ ಬೈಗುಳವಾಗಿಬಿಡುತ್ತದೆ. ನನ್ನ ಹೆಂಡತಿ ಶಾರದೆ ಇದನ್ನು ಮದುವೆಯಾದ ಹೊಸದರಲ್ಲೇ ಅರ್ಥ ಮಾಡಿಕೊಂಡಳು. ನಾನು ಬೈಯದೆ ಕೂತ ದಿನ "ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ನನ್ನನ್ನು ಹಾಗೆ ಅರ್ಥ ಮಾಡಿಕೊಂಡ ಇನ್ನೊಂದು ಜೀವ ನಮ್ಮ ನಾಯಿ ಜಿಮ್ಮಿ. ಅದು ಗೊತ್ತಾಗುವುದಕ್ಕೆ ನನಗೆ ಒಂದು ಯಂತ್ರವೇ ಬೇಕಾಯಿತು.

ಎಂಬತ್ತರ ದಶಕದ ಕೊನೆಯ ಮಾತು. ನಾವು ಮೈಸೂರಿನ ಕಡೆಯವರು. ವಿಮಾ ಕಚೇರಿಯ ನೌಕರಿ ನಮ್ಮನ್ನು ಮದ್ರಾಸಿಗೆ ತಂದು ಕೋಡಂಬಾಕ್ಕಂನ ಒಂದು ವಠಾರದಲ್ಲಿ ಇಳಿಸಿತ್ತು. ಪಕ್ಕದ ಮನೆಯಲ್ಲಿದ್ದವರು ಸಿನಿಮಾ ಸ್ಟುಡಿಯೋದಲ್ಲಿ ಲೈಟಿನ ಕೆಲಸ ಮಾಡುತ್ತಿದ್ದರು. ಅವರು ಮನೆ ಖಾಲಿ ಮಾಡುವಾಗ, ಉದ್ದ ಕಿವಿಯ ಕಂದು ಬಣ್ಣದ ಈ ಮರಿಯನ್ನು ನನ್ನ ಮಗಳು ಸುಧಾಳ ಕೈಗಿಟ್ಟು ಹೋದರು. ಸುಧಾ ಅದನ್ನು "ಕಣ್ಣಾ, ಚೆಲ್ಲಂ" ಎಂದು ತಮಿಳಿನಲ್ಲಿ ಮುದ್ದು ಮಾಡಿದಳು, ಶಾರದೆ ಕನ್ನಡದಲ್ಲಿ ಮುದ್ದು ಮಾಡಿದಳು, ನಾನು ಬೈದೆ. ಕಾಲಿಗೆ ಅಡ್ಡ ಬಂದರೆ "ಕಣ್ಣು ಕಾಣಲ್ವೇನೋ?" ಎಂದೆ. ಬೆಳಗಿನ ಪೇಪರು ಹರಿದರೆ "ಶನಿ ಮುಂಡೇದೆ, ತಿನ್ನೋಕೆ ಮಾತ್ರ ಮುಂದೆ, ಕಳ್ಳ ಬಂದ್ರೂ ಬಾಲ ಆಡಿಸ್ತೀಯ" ಎಂದೆ. ಈ ಕೊನೆಯದು ಬರೀ ಬೈಗುಳವಲ್ಲ, ನಿಜವೂ ಹೌದು. ಹಾಲಿನವನು, ಪೋಸ್ಟಿನವನು, ಹಿಂದಿನ ಗಲ್ಲಿಯ ಕುಡುಕ, ಯಾರನ್ನು ಕಂಡರೂ ಅದು ಬೊಗಳದೆ ಬಾಲ ಆಡಿಸುತ್ತಿತ್ತು. ಸಂಜೆ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಾ "ಇನ್ನೂ ಬದುಕಿದ್ಯೇನೋ ದರಿದ್ರವೇ?" ಎಂದು ನಾನು ಕೂಗಿದರೆ ಒಳಮನೆಯಿಂದ ಜಾರಿ ಬೀಳುವಂತೆ ಓಡಿ ಬರುತ್ತಿತ್ತು.

ಆ ವರ್ಷ ವಠಾರದ ತುಂಬ ಮದ್ರಾಸ್ ಐ ಹಬ್ಬಿತು. ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿಕೊಳ್ಳುವ ಈ ಕಾಯಿಲೆಗೆ ಊರಿನ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಕಾಯಿಲೆ ಬಂದವರ ಕಣ್ಣನ್ನು ನೇರ ನೋಡಿದರೆ ಸಾಕು, ನೋಡಿದವರಿಗೂ ಅಂಟುತ್ತದೆ ಎಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ವಠಾರದಲ್ಲಿ ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಯ ಜೊತೆ ಮಾತಾಡುತ್ತಿದ್ದರು. ಆಫೀಸಿನಲ್ಲಿ ನಮ್ಮ ಮ್ಯಾನೇಜರು ನನ್ನ ರಜೆಯನ್ನು ಕಿಟಕಿಯ ಕಡೆ ತಿರುಗಿಕೊಂಡೇ ಮಂಜೂರು ಮಾಡಿದರು. ಅಂಥ ಹೊತ್ತಿನಲ್ಲಿ ಜಿಮ್ಮಿಯ ಎಡಗಣ್ಣು ಕೆಂಪಾಯಿತು. ಮಹಡಿಯ ಮಾಮಿ ಮೆಟ್ಟಿಲ ಮೇಲಿಂದಲೇ "ಅಯ್ಯೋ, ನಾಯ್‌ಕ್ಕುಂ ವಂದುಡ್ಚಾ?" ಎಂದರು. ನಾಯಿಗೂ ಬಂದೇಬಿಟ್ಟಿತು ಎಂದು ನಾವೆಲ್ಲ ಒಪ್ಪಿಕೊಂಡೆವು. "ಊರೋರ ಮಡಿಲಲ್ಲೆಲ್ಲ ಬಿದ್ಕೋತೀಯಲ್ಲ, ಅನುಭವ್ಸು" ಎಂದು ಜಿಮ್ಮಿಗೆ ಹೇಳಿ, ಅದರ ಕಣ್ಣು ಯಾರೂ ನೋಡಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ. ಮುಖ ತಿರುಗಿಸಿಕೊಂಡು ಅನ್ನ ಹಾಕಿದೆವು. ಮುಖ ತಿರುಗಿಸಿಕೊಂಡೇ ಕಣ್ಣಿಗೆ ಪನ್ನೀರು ಬಿಟ್ಟೆವು, ಅರ್ಧ ಕಿವಿಗೆ ಬಿತ್ತು. ಪಾಪದ ಪ್ರಾಣಿ ನನ್ನ ಪ್ಯಾಂಟಿಗೆ ತಲೆ ಉಜ್ಜಿ ಉಜ್ಜಿ ಮೇಲೆ ನೋಡುತ್ತಿತ್ತು. ನಾನು ಫ್ಯಾನು ನೋಡುತ್ತಿದ್ದೆ.

ವಠಾರದವರ ಕಣ್ಣುಗಳೆಲ್ಲ ಬೆಳ್ಳಗಾದವು. ಜಿಮ್ಮಿಯದು ಆಗಲಿಲ್ಲ. ಒಂದು ಬೆಳಿಗ್ಗೆ ಶಾರದೆ ಧೈರ್ಯ ಮಾಡಿ ನೋಡಿದವಳು "ರೀ, ಇಲ್ಲಿ ಬನ್ರಿ, ಕಣ್ಣು ನೀಲಿ ಆಗ್ಬಿಟ್ಟಿದೆ, ದಪ್ಪನೂ ಆಗಿದೆ" ಎಂದು ಕೂಗಿದಳು. ಆಟೋ ಹಿಡಿದು ದೊಡ್ಡ ಪಶುವೈದ್ಯ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ ಮೊದಲು ಮಾಡಿದ ಕೆಲಸವೆಂದರೆ ಜಿಮ್ಮಿಯ ಗಲ್ಲ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು. ನೇರ ನೋಡಬೇಡಿ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಇದು ಮದ್ರಾಸ್ ಐ ಅಲ್ಲ, ಗ್ಲಾಕೋಮಾ ಎಂದರು. ಕಣ್ಣೊಳಗಿನ ನೀರು ಹೊರಹೋಗುವ ದಾರಿ ಕಟ್ಟಿಕೊಂಡು ಒತ್ತಡ ಏರಿದೆ, ಮುಂದಿನ ಪರದೆ ಮಬ್ಬಾಗಿರುವುದರಿಂದ ಟಾರ್ಚಿನ ಬೆಳಕು ಒಳಗೆ ಹೋಗುತ್ತಿಲ್ಲ, ಬೆಳಕು ಹೋಗದ ಕಡೆ ಶಬ್ದ ಹೋಗುತ್ತದೆ, ಸ್ಕ್ಯಾನ್ ಮಾಡಿ ನೋಡೋಣ ಎಂದು ತಮಿಳಿನಲ್ಲಿ ವಿವರಿಸಿದರು. ಆ ಯಂತ್ರ ಅಲ್ಲಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅಲ್ಲಿಯವರೆಗೆ ಅದು ಹಸುಗಳ ಹೊಟ್ಟೆಯಲ್ಲಿ ಕರು ಹುಡುಕುತ್ತಿತ್ತಂತೆ.

ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟರು. ರಬ್ಬರ್ ಗ್ಲೌಸಿನ ಒಂದು ಬೆರಳಿಗೆ ನೀರು ತುಂಬಿ ಕಟ್ಟಿ, ರೆಪ್ಪೆಯ ಮೇಲೆ ಮೆತ್ತೆಯಂತಿಟ್ಟು, ಅದರ ಮೇಲೆ ಯಂತ್ರದ ಹಿಡಿಕೆ ಇಡಬೇಕು. ನಾಯಿ ಅಲ್ಲಾಡಬಾರದು. ಜಿಮ್ಮಿ ಮೇಜಿನ ಮೇಲೆ ಗಡಗಡ ನಡುಗುತ್ತಿತ್ತು. ಶಾರದೆ ಸಮಾಧಾನ ಮಾಡಲು ಹೋಗಿ ತಾನೇ ಅತ್ತಳು, ಅದು ಇನ್ನೂ ನಡುಗಿತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನೀಂಗ ಪೇಸುಂಗ ಸಾರ್. ವೀಟ್ಲ ಎಪ್ಪಡಿ ಪೇಸುವೀಂಗಳೋ, ಅಪ್ಪಡಿಯೇ" ಎಂದರು. ಮನೆಯಲ್ಲಿ ಹೇಗೆ ಮಾತಾಡಿಸುತ್ತೀರೋ ಹಾಗೇ ಮಾತಾಡಿಸಬೇಕಂತೆ! ಸುತ್ತ ಬಿಳಿ ಕೋಟಿನ ವಿದ್ಯಾರ್ಥಿಗಳು ಬೇರೆ. ಅಷ್ಟರಲ್ಲಿ ಜಿಮ್ಮಿ ಕಾಲು ಒದ್ದಿತು. "ಸುಮ್ನೆ ಬಿದ್ಕೊಳೋ ಶನಿ ಮುಂಡೇದೆ! ನಿನ್ನ ಮುಸುಡಿಗೆ ಇಷ್ಟು ಜನ ಡಾಕ್ಟ್ರು ಬೇರೆ ಕೇಡು!" ಎಂದು ಬಂದೇಬಿಟ್ಟಿತು.

ನಡುಕ ನಿಂತಿತು. ಬಾಲ ಮೇಜಿನ ಮೇಲೆ ಪಟ್ಟೆಂದು ಬಡಿಯಿತು. ಕನ್ನಡ ಬಾರದ ಡಾಕ್ಟರಮ್ಮ "ಎವ್ವಳವು ಅನ್ಬಾ ಪೇಸ್ರೀಂಗ!" ಎಂದು ನನ್ನ ಪ್ರೀತಿಯ ಮಾತನ್ನು ಹೊಗಳಿ, ನಿಲ್ಲಿಸಬೇಡಿ ಎಂದರು. ನಾನು ನಿಲ್ಲಿಸಲಿಲ್ಲ. ನನ್ನವು ಮುಗಿದ ಮೇಲೆ ನಮ್ಮಪ್ಪನ ಬೈಗುಳಗಳನ್ನು ತೆಗೆದೆ, ಅವೂ ಮುಗಿದ ಮೇಲೆ ಅಜ್ಜಿಯವು. ಶಾರದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಯಂತ್ರದ ಪರದೆಯ ಮೇಲೆ ಬೂದುಬಣ್ಣದ ನಡುವೆ ಒಂದು ಕಪ್ಪು ಗುಂಡು ಕಾಣಿಸಿತು. ಅದೇ ಜಿಮ್ಮಿಯ ಕಣ್ಣು. ಬಲಗಣ್ಣಿಗಿಂತ ಎಡಗಣ್ಣು ಊದಿಕೊಂಡಿದೆ, ಮಸೂರ ಜಾಗ ಬಿಟ್ಟು ಜಾರಿದೆ, ಹಿಂದೆ ನರ ಸೇರುವ ಕಡೆ ಕುಸಿದಿದೆ ಎಂದು ಡಾಕ್ಟರಮ್ಮ ಒಂದೊಂದಾಗಿ ತೋರಿಸಿದರು. ಎಡಗಣ್ಣು ಹೋಗಿದೆ, ಬಲಗಣ್ಣಿನಲ್ಲೂ ಒತ್ತಡ ಶುರುವಾಗಿದೆ, ಮಾತ್ರೆ ಮತ್ತು ಹನಿಯಿಂದ ಸ್ವಲ್ಪ ಕಾಲ ತಡೆಯಬಹುದು ಎಂದರು. "ಇಷ್ಟು ದಿನ ಯಾರೂ ನೋಡಲಿಲ್ಲವಾ?" ಎಂದು ತಮಿಳಿನಲ್ಲೇ ಕೇಳಿದರು. ಮನೆತುಂಬ ಜನ ಇದ್ದೂ ಯಾರೂ ನೋಡಿರಲಿಲ್ಲ. ಕೆಂಪಾದ ದಿನವೇ ತಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. "ಹೇಳೋಕಾಗಲ್ಲ ಸಾರ್" ಎಂದು ಆಕೆ ಮೆತ್ತಗೆ ಅಂದರು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಬಲಗಣ್ಣೂ ಹೋಯಿತು. ಜಿಮ್ಮಿ ನನ್ನ ದನಿಯನ್ನೇ ಹಿಡಿದುಕೊಂಡು ಓಡಾಡಲು ಕಲಿಯಿತು. ಹಾಗಾಗಿ ನಾನು ಕೂತಲ್ಲಿಂದ ಎಡೆಬಿಡದೆ ಬೈಯುತ್ತಿರಬೇಕಾಯಿತು. ಪಕ್ಕಕ್ಕೆ ಹೊಸದಾಗಿ ಬಂದ ಬಾಡಿಗೆಯವರು ಶಾರದೆಯನ್ನು ಕಂಡರೆ ಕನಿಕರದಿಂದ ಮಾತಾಡಿಸತೊಡಗಿದರು. ಬೈಗುಳಗಳಲ್ಲಿ ಒಂದನ್ನು ಮಾತ್ರ ಕೈಬಿಟ್ಟೆ. "ಕಣ್ಣು ಕಾಣಲ್ವೇನೋ" ಎಂಬುದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಕೆಮ್ಮುತ್ತಿದ್ದೆ.

ಒಂದು ಭಾನುವಾರ ಮನಸ್ಸು ತಡೆಯಲಿಲ್ಲ. ಒಂದು ಸಲವಾದರೂ ಮುದ್ದಾಗಿ ಕರೆಯೋಣವೆಂದು ನೆಲದ ಮೇಲೆ ಕೂತು, ನನ್ನ ಗಂಟಲಿಗೆ ಸಾಧ್ಯವಾದಷ್ಟು ಮೆತ್ತಗೆ "ಜಿಮ್ಮೀ, ಬಾ ಮರಿ, ಬಾ ನನ್ನ ಬಂಗಾರ" ಎಂದೆ. ಬಾಗಿಲ ಬಳಿ ಮಲಗಿದ್ದ ಜಿಮ್ಮಿ ತಲೆಯೆತ್ತಿ ಗುರ್ ಎಂದಿತು. ಮತ್ತೆ ಕರೆದೆ. ಅದು ಎದ್ದು ನಿಂತು, ಹಿಂದೆ ಸರಿದು, ಮೇಜಿನ ಕಾಲಿಗೆ ಬಡಿದುಕೊಂಡು, ಹುಟ್ಟಿದ ಮೇಲೆ ಯಾರಿಗೂ ಬೊಗಳದಿದ್ದದ್ದು ನನಗೆ ಬೊಗಳಿತು. ಶಾರದೆ ಅಡುಗೆಮನೆಯಿಂದ "ಯಾರ್ರೀ ಬಂದಿರೋದು?" ಎಂದು ಕೇಳಿದಳು.

"ಯಾರೂ ಇಲ್ಲ" ಎಂದೆ. ಗಂಟಲು ಸರಿಮಾಡಿಕೊಂಡು "ನಾನೇ ಕಣೋ, ಶನಿ ಮುಂಡೇದೆ" ಎಂದೆ. ಜಿಮ್ಮಿ ಬಾಲ ಆಡಿಸುತ್ತಾ ನೇರವಾಗಿ ಬಂದು ನನ್ನ ಮೊಣಕಾಲಿನ ಮೇಲೆ ಮುಖವಿಟ್ಟು ಮೇಲೆ ನೋಡಿತು. ನಾನು ಅದರ ಎರಡೂ ಕಣ್ಣುಗಳನ್ನು ನೇರವಾಗಿ ನೋಡುತ್ತಾ, ಬೈಯುತ್ತಾ ಕೂತೆ.