ರಸ್ತೆ ರಕ್ಷಕನ ಮೊಳೆ

ಎಲ್ಲ ಶುರುವಾದದ್ದು ಗೋಡೆಗೆ ಹೊಡೆದ ಒಂದು ಮೊಳೆಯಿಂದ. ಬೆಳಿಗ್ಗೆ ಎದ್ದವರೇ ಡ್ರೈವಿಂಗ್ ಮೇಷ್ಟ್ರು ತಮ್ಮ ಶಾಲೆಯ ಗೋಡೆಯ ನಟ್ಟನಡುವೆ ಅದನ್ನು ಬಡಿದು, ಹಿಂದೆ ಸರಿದು, ಕತ್ತು ವಾರೆ ಮಾಡಿ ನೋಡಿದರು. ತೂಗುಹಾಕುವುದಕ್ಕೆ ಇನ್ನೂ ಏನೂ ಇರಲಿಲ್ಲ. ಆದರೆ ಸಂಜೆಯೊಳಗೆ ಇರುತ್ತದೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನಪಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

"ಖಾಲಿ ಮೊಳೆಗೆ ದಿನಾ ಕೈ ಮುಗೀಬೇಕಾ?" ಎಂದಳು ಹೆಂಡತಿ.

"ಸಂಜೆ ನೋಡ್ತಿರು. ಸರ್ಟಿಫಿಕೇಟು ನೇತಾಡ್ತಿರುತ್ತೆ, ಇಷ್ಟು ದೊಡ್ಡ ಸೀಲು!"

ಸಾರಿಗೆ ಕಚೇರಿಯವರ ಹೊಸ ಯೋಜನೆಗೆ ಅಂದೇ ಮೊದಲ ದಿನ. ಅಡ್ಡಾದಿಡ್ಡಿ ಗಾಡಿ ಓಡಿಸುವವರನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಹಿಡಿದು ಕಳಿಸಬಹುದು. ದಂಡದಲ್ಲಿ ಒಂದು ಪಾಲು ಕಳಿಸಿದವರಿಗೆ. ಮೊದಲ ದಿನ ಎಲ್ಲರಿಗಿಂತ ಹೆಚ್ಚು ಜನರನ್ನು ಹಿಡಿದುಕೊಟ್ಟವರಿಗೆ 'ರಸ್ತೆ ರಕ್ಷಕ' ಎಂಬ ಬಿರುದು, ಜೊತೆಗೆ ಚೌಕಟ್ಟು ಹಾಕಿದ ಪ್ರಮಾಣಪತ್ರ. ಮೇಷ್ಟ್ರ ಕಣ್ಣು ಆ ಚೌಕಟ್ಟಿನ ಮೇಲೆ. ಯಾಕೆಂದರೆ ರಸ್ತೆಯಾಚೆ ಹೊಸ ಡ್ರೈವಿಂಗ್ ಶಾಲೆಯೊಂದು ಬಂದಾಗಿನಿಂದ ಇವರ ಬೆಂಚುಗಳ ಮೇಲೆ ಧೂಳು ಬಿಟ್ಟರೆ ಬೇರಾರೂ ಕೂತಿರಲಿಲ್ಲ. ಅಲ್ಲಿಯ ಕಾರಿಗೆ ಎ.ಸಿ. ಇತ್ತು, ಅಲ್ಲಿಯ ಮೇಷ್ಟ್ರಿಗೆ ಕಪ್ಪು ಕನ್ನಡಕವಿತ್ತು. ಈ ತಿಂಗಳೂ ಯಾರೂ ಸೇರದಿದ್ದರೆ ಶಾಲೆಗೆ ಬೀಗ ಹಾಕಿ, ಹೆಂಡತಿಯ ಅಣ್ಣನ ಸಿಮೆಂಟ್ ಅಂಗಡಿಯಲ್ಲಿ ಮೂಟೆ ಎಣಿಸಲು ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಭಾವನ ಕೈಕೆಳಗೆ ಕೆಲಸ! ಅದನ್ನು ನೆನೆದೇ ಮೇಷ್ಟ್ರು ಮೊಳೆಗೆ ಇನ್ನೊಂದೇಟು ಬಿಗಿದು ಹೊರಟರು.

ಸಿಗ್ನಲ್ಲಿನ ಮೂಲೆಯಲ್ಲಿ ಕಟಿಂಗ್ ಶಾಪು. ಮೇಷ್ಟ್ರು ಅದರ ಮುಂದೆ ಸ್ಟೂಲು ಹಾಕಿಸಿಕೊಂಡು ಹತ್ತಿ ನಿಂತರು. ಸ್ಟೂಲು ಅಲ್ಲಾಡುತ್ತಿತ್ತಾದ್ದರಿಂದ ಅದನ್ನು ಹಿಡಿದುಕೊಳ್ಳಲು ಕಟಿಂಗ್ ಶಾಪಿನವನು ಓಡಿಬಂದ. ಅವನ ಹಿಂದೆ, ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಗೆ ಸೋಪಿನ ನೊರೆ ಬಳಿಸಿಕೊಂಡಿದ್ದ ಗಿರಾಕಿಯೂ ಬಂದ.

"ನಂದು ಮುಗಿಸಿ ಹೋಗಯ್ಯಾ!"

"ಇರಿ ಸ್ವಾಮಿ, ಗಡ್ಡ ಎಲ್ಲಿಗೂ ಓಡಿಹೋಗಲ್ಲ. ಗಾಡಿ ಓಡಿಹೋಗುತ್ತೆ."

ಅಷ್ಟರಲ್ಲಿ ಕೆಂಪು ದೀಪ ಬಿತ್ತು. ಬಿಳಿ ಕಾರೊಂದು ಪೀಪ್ ಪೀಪ್ ಪೀಪ್ ಎಂದು ಮೂರು ಸಲ ಹಾರ್ನ್ ಹೊಡೆಯಿತು. ಕಿಟಕಿಯಿಂದ ಒಂದು ಕೈ ಹೊರಬಂದು ನಮಸ್ಕಾರ ಮಾಡಿತು. ಕಾರು ಕೆಂಪು ದೀಪವನ್ನು ಲೆಕ್ಕಿಸದೆ ಸುಯ್ಯೆಂದು ದಾಟಿಹೋಯಿತು.

"ಸಿಕ್ಕಿಬಿದ್ದ!" ಎಂದು ಮೇಷ್ಟ್ರು ಕುಣಿದರು. ಸ್ಟೂಲೂ ಕುಣಿಯಿತು. "ಆದ್ರೂ ನೋಡಯ್ಯಾ, ಎಷ್ಟು ನಯ! ಹಾರ್ನ್ ಹೊಡೆದು, ಕೈಯೆತ್ತಿ ಹೋದ. ಯಾರೋ ಒಳ್ಳೆ ಗುರುಗಳ ಹತ್ರ ಕಲ್ತು ಆಮೇಲೆ ಕೆಟ್ಟಿದಾನೆ."

ಮುಂದಿನದು ಒಂದು ವ್ಯಾನು. ಅದೂ ಮೂರು ಹಾರ್ನು ಹೊಡೆದು, ಕೈಯೆತ್ತಿ, ರಸ್ತೆ ದಾಟುತ್ತಿದ್ದವರನ್ನು ದಿಕ್ಕಾಪಾಲು ಮಾಡಿತು. ಆಮೇಲೆ ಬಂದ ಹಸಿರು ಕಾರಿನ ಹೆಂಗಸಂತೂ ಹಾಗೇ ನುಗ್ಗುತ್ತ, "ನಮಸ್ಕಾರ ಮೇಷ್ಟ್ರೇ!" ಎಂದು ಕೂಗಿ, ಎರಡೂ ಕೈ ಜೋಡಿಸಿದಳು.

"ಯಾರದು?" ಎಂದ ಕಟಿಂಗ್ ಶಾಪಿನವನು.

"ನಂಗೇನು ಗೊತ್ತು? ನನ್ನ ಎಲ್ಲರಿಗೂ ಗೊತ್ತು, ಅಷ್ಟೇ" ಎಂದು ಮೇಷ್ಟ್ರು ಅವಳನ್ನೂ ವಿಡಿಯೊ ಮಾಡಿ ಕಳಿಸಿದರು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಸ್ಟೂಲಿನಿಂದ ಎರಡು ಸಲ ಉರುಳಿದ್ದರು. ಒಂದು ಚಪ್ಪಲಿಯ ಮೇಲೆ ಲಾರಿ ಹತ್ತಿತ್ತು. ಕೋಟಿನ ತೋಳಿಗೆ ನೊರೆ ಮೆತ್ತಿತ್ತು. ಪಕ್ಕದ ಮೆಡಿಕಲ್ ಶಾಪಿನ ಅಕ್ಕ ಬಾಗಿಲಿಗೆ ಬಂದು, "ಮೇಷ್ಟ್ರೇ, ಬೀಳೋದಿದ್ರೆ ಬೇಗ ಬೀಳಿ, ಊಟಕ್ಕೆ ಅಂಗಡಿ ಮುಚ್ತೀನಿ" ಎಂದು ಎಚ್ಚರಿಸಿದಳು. ಮೇಷ್ಟ್ರು ಜಗ್ಗಲಿಲ್ಲ. ಮೊಬೈಲಿನಲ್ಲಿ ಸಿಕ್ಕಿಬಿದ್ದವರ ದೊಡ್ಡ ದಂಡೇ ಇತ್ತು.

ಸ್ವಲ್ಪ ಹೊತ್ತಿಗೆ ಸಾರಿಗೆ ಕಚೇರಿಯಿಂದ ಫೋನು ಬಂತು. "ಎಲ್ಲರಿಗಿಂತ ಹೆಚ್ಚು ಕಳಿಸಿದೋರು ನೀವೇ. ಕೂಡಲೇ ಕಚೇರಿಗೆ ಬನ್ನಿ, ಮೇಡಂ ನಿಮ್ಮನ್ನ ನೋಡಬೇಕಂತೆ."

"ನೋಡದೇ ಇರ್ತಾರಾ!" ಎಂದು ಮೇಷ್ಟ್ರು ಒಂಟಿ ಚಪ್ಪಲಿಯಲ್ಲೇ ಹೊರಟರು. ಹೆಂಡತಿಗೆ ಫೋನು ಮಾಡಿ, "ಬೆಂಚು ಒರೆಸಿಡು, ಜನ ಬರ್ತಾರೆ" ಎಂದರು. ಅಭಿಮಾನದಿಂದ ಉಬ್ಬಿಹೋದ ಕಟಿಂಗ್ ಶಾಪಿನವನು ಬಾಗಿಲೆಳೆದು ಹಿಂದೆ ಬಂದ. ಗಿರಾಕಿಯೂ ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು, ಉಳಿದರ್ಧ ಗಡ್ಡದ ಆಸೆಯಿಂದ ಅವನ ಹಿಂದೆ ಬಂದ.

ಕಚೇರಿಯ ಮೊಗಸಾಲೆಯಲ್ಲಿ ಉದ್ದನೆಯ ಬೆಂಚು. ಸಿಕ್ಕಿಬಿದ್ದವರನ್ನೆಲ್ಲ ಕರೆಸಿ ಅಲ್ಲಿ ಸಾಲಾಗಿ ಕೂರಿಸಿದ್ದರು. ಮೇಷ್ಟ್ರು ಕಾಣುತ್ತಲೇ ಎಲ್ಲರೂ ದಡಬಡನೆ ಎದ್ದು ಕೈ ಮುಗಿದರು. ರಸ್ತೆ ರಕ್ಷಕನೆಂದರೆ ಭಯಭಕ್ತಿ ಇರಬೇಕಾದ್ದೇ ಎಂದುಕೊಂಡು ಮೇಷ್ಟ್ರು ಬೆಂಚಿನ ತುದಿಯಲ್ಲಿ ಕೂತರು. ಅವರೂ ಕೂತರು. ಮೇಷ್ಟ್ರು ಸುಮ್ಮನೆ ಪಕ್ಕಕ್ಕೆ ತಿರುಗಿದರು.

ತಿರುಗಿದವರು ಹಾಗೇ ಕಲ್ಲಾದರು.

ಜೀವಮಾನವೆಲ್ಲ ಮೇಷ್ಟ್ರು ಕೂತದ್ದು ಕಾರಿನಲ್ಲಿ ಶಿಷ್ಯರ ಪಕ್ಕದ ಸೀಟಿನಲ್ಲಿ. ಅವರ ಪೂರ್ತಿ ಮುಖ ನೋಡಿದ್ದೇ ಇಲ್ಲ; ನೋಡಿದ್ದೆಲ್ಲ ಒಂದು ಕೆನ್ನೆ, ಒಂದು ಕಿವಿ, ಕಿವಿಯ ಕೆಳಗೆ ಇಳಿಯುವ ಬೆವರು. ರಸ್ತೆಯಲ್ಲಿ ಎದುರಿಂದ ನೋಡಿದಾಗ ಒಬ್ಬರ ಗುರುತೂ ಹತ್ತಿರಲಿಲ್ಲ. ಈಗ ಅವೇ ಕೆನ್ನೆಗಳು, ಅವೇ ಕಿವಿಗಳು ಸಾಲಾಗಿ ಕೂತಿದ್ದವು. ಅಷ್ಟೂ ಜನ ಅವರ ಶಿಷ್ಯರು!

ಮೇಷ್ಟ್ರು ಗಾಬರಿಯಿಂದ ಆಚೆ ಸರಿಯಲು ನೋಡಿದರು. ಅಲ್ಲಿ ಗಿರಾಕಿ ಬಂದು ಕುಕ್ಕರಿಸಿದ್ದ. ಬೋಳಿಸಿದ ಕೆನ್ನೆ ಇತ್ತಕಡೆಗಿತ್ತು.

"ನೀನೂನಾ?"

"ಬೆಳಿಗ್ಗೆಯಿಂದ ಜೊತೇಲೇ ಇದೀನಿ ಮೇಷ್ಟ್ರೇ, ಒಂದು ಸಲಾನೂ ಮಾತಾಡಿಸಲಿಲ್ಲ" ಎಂದು ಅವನು ನೊಂದುಕೊಂಡ.

ಒಳಗೆ ಸಾರಿಗೆ ಅಧಿಕಾರಿ ಮೇಡಂ ವಿಡಿಯೊ ಹಾಕಿ ತೋರಿಸಿದರು. "ಎಲ್ರೂ ಒಂದೇ ಥರ ಕೆಂಪು ದೀಪ ದಾಟ್ತಾರೆ. ಯಾಕೆ ಅಂತ ಕೇಳಿದೆ. 'ಮೂರು ಹಾರ್ನು, ಒಂದು ನಮಸ್ಕಾರ, ಆಮೇಲೆ ರಸ್ತೆ ನಿನ್ನದೇ' ಅಂತ ಒಬ್ಬೊಬ್ಬರೂ ಪಾಠ ಒಪ್ಪಿಸಿದ್ರು. ಯಾರು ಕಲಿಸಿದ್ದು?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕಟಿಂಗ್ ಶಾಪಿನವನು ಎದೆಯುಬ್ಬಿಸಿ ಹೇಳಿದ: "ಇನ್ಯಾರು ಮೇಡಂ, ಇವರೇ! ನಮ್ಮ ಮೇಷ್ಟ್ರ ಮಾತು ಅದು. ಅಂಗಡೀಲಿ ಕೂತಾಗೆಲ್ಲ ಹೇಳ್ತಿರ್ತಾರೆ."

"ಅದು... ಸಿಗ್ನಲ್ ಬರೋಕೆ ಮುಂಚಿನ ಪಾಠ ಮೇಡಂ" ಎಂದರು ಮೇಷ್ಟ್ರು.

"ಸಿಗ್ನಲ್ ಬಂದ ಮೇಲೆ ಪಾಠ ಬದಲಾಯ್ತಾ?"

ಮೇಷ್ಟ್ರು ಚಪ್ಪಲಿಯಿಲ್ಲದ ಕಾಲನ್ನು ಇನ್ನೊಂದರ ಹಿಂದೆ ಬಚ್ಚಿಟ್ಟುಕೊಂಡರು.

"ನಿಮಗೆ ಬರಬೇಕಾದ ಪಾಲು ನಿಮ್ಮ ಶಾಲೆಗೆ ಹಾಕಿರೋ ದಂಡಕ್ಕೆ ಸರಿಹೋಯ್ತು" ಎಂದು ಮೇಡಂ ಚೌಕಟ್ಟೊಂದನ್ನು ಮುಂದೆ ತಳ್ಳಿದರು. "ಬಿರುದು ಕೊಡೋ ಹಾಗಿಲ್ಲ, ಇದು ಕೊಡ್ತೀನಿ. ಎಲ್ಲರಿಗೂ ಕಾಣೋ ಹಾಗೆ ಗೋಡೆಗೆ ಹಾಕಬೇಕು."

ಕಡೆಗೂ ಮೊಳೆ ಖಾಲಿ ಉಳಿಯಲಿಲ್ಲ. ದೊಡ್ಡ ಸೀಲಿನ ಕೆಳಗೆ ದಪ್ಪಕ್ಷರದಲ್ಲಿ ಹೀಗೆ ಬರೆದಿತ್ತು: ಈ ಶಾಲೆಯಲ್ಲಿ ಕಲಿತ ಎಲ್ಲರಿಗೂ ಉಚಿತವಾಗಿ ಮತ್ತೊಮ್ಮೆ ಕಲಿಸಲಾಗುವುದು. ಅದು ಮುಗಿಯುವವರೆಗೆ ಹೊಸಬರಿಗೆ ಪ್ರವೇಶವಿಲ್ಲ.

ಮೇಷ್ಟ್ರ ಬೆನ್ನಿಗೇ ಒಳಬಂದ ಜನರನ್ನು ಕಂಡು ಹೆಂಡತಿಯ ಕಣ್ಣಲ್ಲಿ ನೀರೇ ಬಂತು. ಚೌಕಟ್ಟಿನಲ್ಲಿ ಏನಿದೆಯೆಂದು ಅವಳು ಇನ್ನೂ ಓದಿರಲಿಲ್ಲ. "ಅಯ್ಯೋ, ಬೆಂಚೇ ಸಾಲ್ತಿಲ್ಲ ಕಣ್ರೀ! ಜನ ಬರ್ತಾರೆ ಅಂದ್ರಲ್ಲ, ಆಗಲೇ ಅಣ್ಣನಿಗೆ ಬೇಡ ಅಂತ ಹೇಳಿಬಿಟ್ಟೆ. ಆ ಕೆಲಸಕ್ಕೆ ಬೇರೆಯೋರನ್ನ ಇಟ್ಕೊಂಡನಂತೆ."

ಅಲ್ಲಾಡದೆ, ಹಾರ್ನ್ ಹೊಡೆಯದೆ, ಇಟ್ಟಲ್ಲೇ ಇರುವ ಸಿಮೆಂಟಿನ ಮೂಟೆಗಳು ಮೇಷ್ಟ್ರ ಕಣ್ಣ ಮುಂದೆ ಸುಳಿದವು. ಆಗ ಅವರಿಗೆ ನಿಜವಾಗಿಯೂ ಅಳು ಬಂತು. ಆದರೂ ಸೋಲೊಪ್ಪುವ ಆಸಾಮಿ ಅವರಲ್ಲ. ಕೋಟಿನ ತೋಳು ಒರೆಸಿಕೊಂಡು, "ಹೊಸ ಪಾಠ, ಹೊಸ ಮೇಷ್ಟ್ರು ಅಂತ ತಿಳ್ಕೊಳ್ಳಿ. ಯಾರು ಮೊದಲು?" ಎಂದರು. ಅರ್ಧ ಗಡ್ಡದವನು ಕೈಯೆತ್ತಿದ.

ಕಾರು ಸಿಗ್ನಲ್ಲಿನತ್ತ ಹೊರಟಿತು. ಮೇಷ್ಟ್ರು ದಾರಿಯುದ್ದಕ್ಕೂ ಹೊಸ ಪಾಠ ಹೇಳಿದರು. ಕೆಂಪು ಅಂದ್ರೆ ನಿಲ್ಲು, ಹಾರ್ನ್ ಮುಟ್ಟಬೇಡ, ಕೈ ಹೊರಗೆ ಹಾಕಬೇಡ. ಶಿಷ್ಯ ಎಲ್ಲಕ್ಕೂ ತಲೆಯಾಡಿಸಿದ. ಕೆಂಪು ದೀಪ ಬಿತ್ತು. ಗಾಬರಿಯಲ್ಲಿ ಅವನ ಕೈಗೆ ನೆನಪಾದದ್ದು ಹಳೆಯ ಪಾಠವೇ. ಪೀಪ್ ಪೀಪ್ ಪೀಪ್. ಕಿಟಕಿಯಿಂದ ಕೈ ಹೊರಬಂದು ನಮಸ್ಕಾರ ಮಾಡಿತು. ಕಾರು ಸುಯ್ಯೆಂದು ದಾಟಿತು.

"ಭೇಷ್!" ಎಂದುಬಿಟ್ಟರು ಮೇಷ್ಟ್ರು, ಎಷ್ಟೋ ವರ್ಷಗಳ ಅಭ್ಯಾಸದಿಂದ, ಕಿಟಕಿಯಾಚೆಗೂ ಕೇಳುವಷ್ಟು ಜೋರಾಗಿ.

ಹಾಗೆ ಹೇಳುತ್ತ ಹೊರಗೆ ನೋಡಿದರು. ಕಟಿಂಗ್ ಶಾಪಿನ ಮುಂದೆ ಅದೇ ಸ್ಟೂಲಿನ ಮೇಲೆ, ರಸ್ತೆಯಾಚೆಯ ಶಾಲೆಯ ಕಪ್ಪು ಕನ್ನಡಕದ ಮೇಷ್ಟ್ರು ಮೊಬೈಲು ಹಿಡಿದು ನಿಂತಿದ್ದರು. ಸ್ಟೂಲು ಅಲ್ಲಾಡದಂತೆ ಕಟಿಂಗ್ ಶಾಪಿನವನು ಭದ್ರವಾಗಿ ಹಿಡಿದುಕೊಂಡಿದ್ದ.