ಗೇಟಿನಲ್ಲಿ ಬಿದ್ದ ಮಡಿಲಕ್ಕಿ

ಮನುಷ್ಯರ ಕೈಗೆ ವಿಷಲ್ ಕೊಡಬಾರದು. ಕೊಟ್ಟರೂ ಮಂಡಿ ಸವೆದ ಮುದುಕಿಗೆ ಕೊಡಲೇಬಾರದು. ಜೀವಮಾನವೆಲ್ಲ ಇನ್ನೊಬ್ಬರ ವಿಷಲ್ಲಿಗೆ ಎದ್ದು, ಇನ್ನೊಬ್ಬರ ವಿಷಲ್ಲಿಗೆ ಕೂತು ಉಂಡವಳ ಕೊರಳಿಗೆ ಒಂದು ದಿನ ಅದೇ ವಿಷಲ್ ಬಿದ್ದರೆ ಅವಳು ಏನಾಗುತ್ತಾಳೆ ಅನ್ನೋದಕ್ಕೆ ನಾನೇ ಸಾಕ್ಷಿ. ಈಗ ಹೇಳಹೊರಟಿರೋದು ನಾಚಿಕೆಯ ಸಂಗತಿ. ಹೇಳದೆ ಇಟ್ಟುಕೊಂಡು ನೋಡಿದೆ. ಗಂಟಲಲ್ಲಿ ಮೀನಿನ ಮುಳ್ಳು ಕೂತ ಹಾಗೆ, ತುತ್ತು ನುಂಗಿದಾಗಲೆಲ್ಲ ನೆನಪಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಾತೆಲ್ಲ ನನ್ನದು, ಒತ್ತಕ್ಷರಗಳನ್ನು ಮಾತ್ರ ಮೊಮ್ಮಗಳು ಹಾಕಿಕೊಟ್ಟಿದ್ದಾಳೆ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಆನೇಮಹಲಿನಿಂದ ಒಳಗೆ ಹೋದರೆ ಸಿಗುವ ಒಂದು ಕಾಫಿ ಎಸ್ಟೇಟಿನ ಗೇಟಿನಲ್ಲಿ ನಾನು ಸೆಕ್ಯೂರಿಟಿ. ಮೂವತ್ತು ವರ್ಷ ಅದೇ ತೋಟದಲ್ಲಿ ಹಣ್ಣು ಕುಯ್ದವಳು. ಮಂಡಿ ಕೈಕೊಟ್ಟ ಮೇಲೆ, ಇನ್ನು ಮನೆಯಲ್ಲಿ ಕೂತು ಸೊಸೆಯ ಬಾಯಿಗೆ ಬೀಳೋದೇ ಅಂದುಕೊಂಡಿದ್ದಾಗ, ಧಣಿಗಳೇ ಕರೆಸಿ ಹೇಳಿದರು: "ಕೊಯ್ಲಿನ ಟೈಮಲ್ಲಿ ಹೆಂಗಸರ ಚೆಕಿಂಗಿಗೆ ಹೆಂಗಸೇ ಬೇಕು. ನಿಂಗೆಲ್ಲಾ ಗೊತ್ತಲ್ಲ." ಏನು ಗೊತ್ತು ಅಂತ ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಮಡಿಲಲ್ಲಿ ಕೂತು ಈ ಗೇಟು ದಾಟಿದ ಕಾಫಿಯ ವಿಚಾರ ಅವರಿಗೆ ಗೊತ್ತಿತ್ತೋ ಇಲ್ಲವೋ, ದೇವರಿಗೆ ಗೊತ್ತು. ಹೆಚ್ಚೇನಲ್ಲ, ದಿನಕ್ಕೊಂದು ಹಿಡಿ. ಎಲ್ಲರೂ ತರುತ್ತಿದ್ದೆವು. ಅದನ್ನು ಕದಿಯೋದು ಅನ್ನುತ್ತಿರಲಿಲ್ಲ, "ಮನೆಗೆ ವಾಸನೆಗೆ" ಅನ್ನುತ್ತಿದ್ದೆವು.

ಸೀರೆಯ ಮೇಲೆ ಹಾಕಿಕೊಳ್ಳೋಕೆ ಒಂದು ನೀಲಿ ಶರಟು ಕೊಟ್ಟರು. ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದೆ. ಸೆಕ್ಯೂರಿಟಿ ಅಂತ ತೋಟದ ಲೆಕ್ಕ ಬರೆಯೋ ರೈಟರು ಹೇಳಿದರು, ನಂಬಿದ್ದೇನೆ. ಟೋಪಿ ಕೊಟ್ಟರು. ತುರುಬು ಇದ್ದರೆ ಅದು ಕೂರೋದಿಲ್ಲ, ತುರುಬು ಬಿಚ್ಚಿದರೆ ಕಣ್ಣಿನ ಮೇಲೆ ಇಳಿಯುತ್ತದೆ. ಹಾಗಾಗಿ ಅದರಲ್ಲಿ ಎಲೆಅಡಿಕೆ ಇಟ್ಟುಕೊಂಡೆ. ವಿಷಲ್ ಕೊಟ್ಟದ್ದು ಮಾತ್ರ ಆನೆಗೆ. "ಆನೆ ಕಂಡ್ರೆ ಜೋರಾಗಿ ಊದು, ತೋಟದೊಳಗೆ ಇರೋರು ಹುಷಾರಾಗ್ತಾರೆ" ಅಂದಿದ್ದರು. ಒಂದು ಬೆಳಿಗ್ಗೆ ಆನೆ ಬಂತು. ಒಂಟಿ ಸಲಗ. ಗೇಟಿನ ಆಚೆ ನಿಂತು, ಕದ ತೆಗೀತಾಳೋ ಇಲ್ಲವೋ ಅನ್ನೋ ಹಾಗೆ ನನ್ನನ್ನೇ ನೋಡಿತು. ವಿಷಲ್ ಬಾಯಲ್ಲೇ ಇತ್ತು. ಉಸಿರು ಮಾತ್ರ ಎಲ್ಲಿ ಹೋಯಿತೋ, ಒಂದು ಪೀ ಅನ್ನೋ ಸದ್ದೂ ಬರಲಿಲ್ಲ. ಅದು ತನ್ನಷ್ಟಕ್ಕೆ ಬೇಲಿ ಮುರಿದುಕೊಂಡು ಹೋಯಿತು. ಇದನ್ನು ಯಾಕೆ ಹೇಳಿದೆ ಅಂದರೆ, ಆನೆಗೆ ಬಾರದ ಉಸಿರು ಮುಂದೆ ಯಾರಿಗೆ ಬಂತು ಅನ್ನೋದು ನಿಮಗೆ ಗೊತ್ತಾಗಬೇಕು.

ಇನ್ನು ಬುಕ್ಕು. ಚೆಕಿಂಗಿನಲ್ಲಿ ಯಾರ ಹತ್ತಿರ ಏನು ಸಿಕ್ಕಿತು ಅಂತ ಹೆಸರು ಸಮೇತ ಬರೆಯಬೇಕು. ಆ ಬುಕ್ಕಿಗೆ ಹೆಸರು ಬಿದ್ದವಳಿಗೆ ಮುಂದಿನ ಕೊಯ್ಲಿಗೆ ಕರೆ ಇಲ್ಲ. ಈ ವರ್ಷ ಹೊಸದಾಗಿ ಬಂದ ರೈಟರು ಮಾಡಿದ ರೂಲು ಅದು. ಒಳ್ಳೆಯ ಮನುಷ್ಯ, ಎಲ್ಲರಿಗೂ ಬಹುವಚನ, ಆದರೆ ರೂಲು ಅಂದರೆ ಊಟ ಬಿಡುತ್ತಾರೆ. ನನ್ನ ಹೆಸರು ಏನು ಅಂತ ಅವರು ಒಂದು ದಿನವೂ ಕೇಳಿಲ್ಲ. ಅವರ ಹಾಜರಿ ಪುಸ್ತಕದಲ್ಲೂ ನಾನು ‘ಗೇಟಿನಜ್ಜಿ’. ನನಗೆ ಅಕ್ಷರ ಬರುತ್ತದೆ, ಒತ್ತು ಬರೋದಿಲ್ಲ. ಹಿಂದೆ ಊರಲ್ಲಿ ದೊಡ್ಡವರಿಗೆ ಪಾಠ ಹೇಳುತ್ತಿದ್ದಾಗ ನನ್ನ ಹೆಸರಿಗೆ ಬೇಕಾದ ಒಂದೇ ಒಂದು ಒತ್ತು ಕಲಿತು ಬಿಟ್ಟುಬಿಟ್ಟೆ. ಮಕಾರಕ್ಕೆ ಮಕಾರದ ಒತ್ತು. ಹಾಗಾಗಿ ನನ್ನ ಬುಕ್ಕಿನಲ್ಲಿ ಪುಟ್ಟಮ್ಮ ಪುಟಮ್ಮ ಆಗಿದ್ದಾಳೆ, ಚಿಕ್ಕಮ್ಮ ಚಿಕಮ್ಮ ಆಗಿದ್ದಾಳೆ. ರೈಟರು ಓದಿ ತಲೆ ಚಚ್ಚಿಕೊಳ್ಳುತ್ತಾರೆ.

ಚೆಕಿಂಗಿಗೆ ನಾನು ಕಂಡುಕೊಂಡ ದಾರಿ ಸುಲಭದ್ದು. ಯಾರ ಮೈಮೇಲೂ ಕೈ ಹಾಕೋದಿಲ್ಲ. ಸಂಜೆ ಸಾಲಾಗಿ ಬರುತ್ತಾರೆ, ನಾನು "ಒದ್ರು" ಅನ್ನುತ್ತೇನೆ, ಅವರು ಮಡಿಲು ಬಿಚ್ಚಿ ಸೆರಗು ಒದರುತ್ತಾರೆ, ಕಾಫಿ ಇದ್ದರೆ ನೆಲಕ್ಕೆ ಬೀಳುತ್ತದೆ. ಒದರು, ಒದರು ಅಂತ ದಿನಾ ಸಂಜೆ ಒದರಿ ಒದರಿ ನನ್ನ ಗಂಟಲು ಕಾಗೆಯದಾಗಿತ್ತು. ಎಲ್ಲರನ್ನೂ ಒದರಿಸಬೇಕಾಗಿಯೂ ಇರಲಿಲ್ಲ. ನಡಿಗೆ ನೋಡಿದರೆ ಗೊತ್ತಾಗುತ್ತದೆ. ಮಡಿಲಲ್ಲಿ ಮಾಲಿದ್ದವಳು ಜೋರಾಗಿ ನಡೆಯೋದಿಲ್ಲ. ಎಡಗೈ ಹೊಟ್ಟೆಯ ಹತ್ತಿರ ಇರುತ್ತದೆ, ತಲೆ ತಗ್ಗಿರುತ್ತದೆ, ಹೆಜ್ಜೆ ನಿಧಾನ. ಆ ನಡಿಗೆ ನನಗೆ ಹೊರಗಿನಿಂದಲೂ ಗೊತ್ತು, ಒಳಗಿನಿಂದಲೂ ಗೊತ್ತು.

ಅವತ್ತು ಶನಿವಾರ. ರತ್ನ ಕೊನೆಗೆ ಒಬ್ಬಳೇ ಬಂದಳು. ಅವಳು ಲಕ್ಕಮ್ಮನ ಸೊಸೆ. ಲಕ್ಕಮ್ಮ ಅಂದರೆ ಮೂವತ್ತು ವರ್ಷ ನನ್ನ ಪಕ್ಕದ ಸಾಲಿನಲ್ಲಿ ಹಣ್ಣು ಕುಯ್ದವಳು, ನನ್ನ ಸಂಚಿಯ ಸುಣ್ಣದಲ್ಲಿ ಅರ್ಧ ತಿಂದವಳು. ಗೇಟಿನ ಎದುರಿನ ಕೂಲಿ ಲೈನಿನಲ್ಲಿ ಅವರ ಮನೆ. ರತ್ನ ಬಂದದ್ದು ಎಡಗೈ ಹೊಟ್ಟೆಯ ಹತ್ತಿರ ಇಟ್ಟುಕೊಂಡು, ತಲೆ ತಗ್ಗಿಸಿಕೊಂಡು, ನಿಧಾನವಾಗಿ. ಏಳು ತಿಂಗಳ ಬಸುರಿ ಅನ್ನೋದು ನನಗೆ ಗೊತ್ತಿತ್ತು. ಆದರೆ ಬಸುರಿನ ಹೆಸರಿನಲ್ಲಿ ಕಾಫಿ ಸಾಗಿಸಿದವಳನ್ನೂ ನಾನು ಕಂಡಿದ್ದೆ. ಕನ್ನಡಿಯಲ್ಲೇ ಕಂಡಿದ್ದೆ.

"ಏಯ್, ನಿಂತ್ಕ. ಒದ್ರು" ಅಂದೆ.

"ಅಜ್ಜಿ, ಇದು ಅಮ್ಮಾರು..." ಅಂದಳು.

"ಅಮ್ಮಾರ್ ಹೆಸ್ರು ತಗೀಬ್ಯಾಡ. ಬಸ್ರಿ ಅಂತ ಬುಟ್ರೆ ನಾಳಿಕ್ಕೆ ಎಲ್ಲರೂ ಬಸ್ರಿಗಳೇಯ. ಒದ್ರು ಅಂದ್ರೆ ಒದ್ರು!"

ಅವಳು ಮಡಿಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಆಲೂರು ಕಡೆಯ ಹೆಂಗಸರು ಪಿಕಪ್ಪಿಗೆ ಕಾಯುತ್ತ ಅಲ್ಲೇ ಕೂತು ನೋಡುತ್ತಿದ್ದರು. ನೋಡುವವರು ಇದ್ದರೆ ನನ್ನ ನೀಲಿ ಶರಟು ಉಬ್ಬುತ್ತದೆ. ವಿಷಲ್ ಬಾಯಿಗಿಟ್ಟು ಊದಿದೆ ನೋಡಿ, ದೋಣಿಗಲ್ಲಿನಲ್ಲಿ ನಿಂತ ಲಾರಿಗಳಿಗೂ ಕೇಳಿರಬೇಕು. ಆ ಸದ್ದಿಗೆ ಬೆಚ್ಚಿ ಅವಳ ಕೈ ಸಡಿಲವಾಯಿತು. ಮಡಿಲು ಬಿಚ್ಚಿಕೊಂಡಿತು.

ಬಿದ್ದದ್ದು ಅಕ್ಕಿ. ಆಮೇಲೆ ತೆಂಗಿನಕಾಯಿ, ಉರುಳಿಕೊಂಡು ಬಂದು ನನ್ನ ಕಾಲಿನ ಹತ್ತಿರ ನಿಂತಿತು. ಒಂದು ಅಚ್ಚು ಬೆಲ್ಲ, ಎಲೆಅಡಿಕೆ, ಅರಿಶಿನದ ಕೊಂಬು, ಮಡಿಚಿದ ರವಿಕೆ ಬಟ್ಟೆ. ಕೂತಿದ್ದವರಲ್ಲಿ ಒಬ್ಬಳು "ಅಯ್ಯೋ ಶಿವನೇ, ಮಡ್ಲಕ್ಕಿ!" ಅಂದಳು. ಮರುದಿನ ರತ್ನ ಬಾಣಂತನಕ್ಕೆ ಕೆ. ಹೊಸಕೋಟೆಯ ತವರಿಗೆ ಹೊರಟವಳು. ಅವತ್ತು ಕೊನೆಯ ದಿನದ ಕೆಲಸ ಅಂತ ಧಣಿಗಳ ಮನೆಯ ಅಮ್ಮ ಒಳಗೆ ಕರೆದು, ಮಣೆ ಹಾಕಿ ಕೂರಿಸಿ, ಮಡಿಲು ತುಂಬಿ ಕಳಿಸಿದ್ದರು. ತುಂಬಿದ ಮಡಿಲನ್ನು ಮನೆಯ ದೇವರ ಮುಂದೆ ಇಳಿಸೋವರೆಗೆ ದಾರಿಯಲ್ಲಿ ಬಿಚ್ಚಬಾರದು. ಇದು ಸಣ್ಣ ಹುಡುಗಿಗೂ ಗೊತ್ತು. ನನಗೂ ಗೊತ್ತು. ಮಡಿಲು ತುಂಬಿದವಳು ಎಡಗೈ ಹೊಟ್ಟೆಯ ಹತ್ತಿರ ಇಟ್ಟುಕೊಂಡು, ತಲೆ ತಗ್ಗಿಸಿ, ನಿಧಾನವಾಗಿಯೇ ನಡೆಯುತ್ತಾಳೆ. ಗಂಡ ಸತ್ತು ಇಪ್ಪತ್ತೆರಡು ವರ್ಷವಾಯಿತು. ನನ್ನ ಮಡಿಲಿಗೆ ಯಾರೂ ಏನೂ ಹಾಕಿಲ್ಲ. ಆ ನಡಿಗೆಗೆ ಇನ್ನೊಂದು ಕಾರಣ ಇರಬಹುದು ಅನ್ನೋದೇ ಮರೆತುಹೋಗಿತ್ತು. ಕಾಫಿಯ ನಡಿಗೆ ಮಾತ್ರ ನೆನಪಿತ್ತು.

ವಿಷಲ್ ಕೇಳಿ ರೈಟರು ಓಡಿಬಂದರು. ನೋಡಿದರು. ಅವರ ಮುಖವೂ ಚಿಕ್ಕದಾಯಿತು. ಆದರೂ, "ಏನೇ ಬಿದ್ರೂ ಎಂಟ್ರಿ ಆಗ್ಲೇಬೇಕು ಅಜ್ಜಿ, ರೂಲ್ ಅಂದ್ರೆ ರೂಲು" ಅಂದರು. ಬರೆಯೋದಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಬುಕ್ಕು ತೆಗೆದು ಬರೆದೆ: ‘ರತನ. ಅಕಿ, ಕಾಯಿ, ಬೆಲ.’ ಕಾಯಿಗೆ ಒತ್ತಿಲ್ಲದ್ದರಿಂದ ಅದೊಂದು ಬಚಾವಾಯಿತು. ರತ್ನ ಬಿದ್ದದ್ದನ್ನು ಮುಟ್ಟದೆ ಖಾಲಿ ಸೆರಗು ಹೊದ್ದುಕೊಂಡು ರಸ್ತೆ ದಾಟಿ ಹೋದಳು. ರೈಟರು ಹೋಗುವಾಗ, "ಡ್ಯೂಟಿ ಅಂದ್ರೆ ನಿಮ್ಮಿಂದ ಕಲೀಬೇಕು" ಅಂದರು. ಅವರು ಒಂದು ಏಟು ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ನೆಲದಲ್ಲಿ ಕೂತು ಅಕ್ಕಿ ಆರಿಸಿದೆ. ಮಡಿಲಕ್ಕಿಯನ್ನು ತುಳಿಯೋಕೆ ಬಿಡಬಾರದು, ಕೋಳಿಗೂ ಬಿಡಬಾರದು. ಕೆಂಪು ಮಣ್ಣಿನಲ್ಲಿ ಒಂದೊಂದೇ ಕಾಳು. ಮಂಡಿ ಅಯ್ಯೋ ಅಂತಿತ್ತು, ಅನ್ನಲಿ ಅಂತ ಬಿಟ್ಟೆ. ಆರಿಸಿದ್ದನ್ನು ಎಲ್ಲಿ ಇಡಬೇಕು ಗೊತ್ತಾಗದೆ ನನ್ನ ಮಡಿಲಿಗೇ ಕಟ್ಟಿಕೊಂಡೆ.

ಭಾನುವಾರ ಬೆಳಿಗ್ಗೆ ಸುದ್ದಿ ಬಂತು, ರತ್ನ ಬಸ್ಸಿಗೆ ಹೋಗಲಿಲ್ಲವಂತೆ. ಒದರಿದ ಮಡಿಲಿನಲ್ಲಿ, ಕಳ್ಳಿಯರ ಬುಕ್ಕಿನಲ್ಲಿ ಹೆಸರು ಬರೆಸಿಕೊಂಡ ಸೊಸೆಯನ್ನು ತವರಿಗೆ ಕಳಿಸೋದಿಲ್ಲ ಅಂತ ಲಕ್ಕಮ್ಮ ಕೂತುಬಿಟ್ಟಿದ್ದಾಳಂತೆ. ಮನೆಯ ಅಕ್ಕಿ, ಒಂದು ಕಾಯಿ, ಬೆಲ್ಲ, ಗೇಟಿನಲ್ಲಿ ಎತ್ತಿಟ್ಟಿದ್ದ, ಧಣಿಗಳ ಮನೆಯ ಅಮ್ಮ ಕೊಟ್ಟ ರವಿಕೆ ಬಟ್ಟೆ ಎಲ್ಲ ಚೀಲಕ್ಕೆ ಹಾಕಿಕೊಂಡು ಹೊರಟೆ. ಬುಕ್ಕೂ ಚೀಲದಲ್ಲೇ ಇತ್ತು. ಗೇಟಿನ ಗೂಡು ಸೋರುತ್ತದೆ ಅಂತ ಅದನ್ನು ನಾನು ಮನೆಗೇ ತರೋದು.

ಲೈನಿನ ಹೆಂಗಸರೆಲ್ಲ ಲಕ್ಕಮ್ಮನ ಮನೆ ಮುಂದೆ ಇದ್ದರು. ನನ್ನನ್ನು ಕಂಡು ದಾರಿ ಬಿಟ್ಟರು. ಆ ದಾರಿ ಬಿಟ್ಟ ರೀತಿ ಮರ್ಯಾದೆಯದ್ದಲ್ಲ.

"ಲಕ್ಕಿ, ತಪ್ಪಾಯ್ತು ಕಣೆ. ನೀವು ಮುತ್ತೈದೇರು ಸೇರಿ ಇನ್ನೊಂದ್ಸಲ ತುಂಬಿ ಕಳ್ಸಿ. ಎಲ್ಲಾ ತಂದಿವ್ನಿ" ಅಂದು ಚೀಲವನ್ನು ಹೊಸ್ತಿಲ ಆಚೆಯೇ ಇಟ್ಟೆ.

ಲಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು. "ತಡಿ ದೇವಕ್ಕ. ನಿಮ್ಮ ಗೇಟಲ್ಲಿ ಚೆಕಿಂಗ್ ಐತೆ, ನಮ್ಮ ಲೈನಲ್ಲಿ ಇರಬಾರ್ದಾ? ಒದ್ರು."

"ನಂತಾವ ಏನೈತೆ ಮಾರಾಯ್ತಿ..."

"ಎಲ್ಲ ಕಳ್ಳೀರೂ ಇಂಗೇ ಅನ್ನಾದು. ಒದ್ರು!"

ನನ್ನ ಕೊರಳಿನ ವಿಷಲನ್ನೇ ಕಿತ್ತುಕೊಂಡು ಊದಿದಳು. ಮಡಿಲು ಬಿಚ್ಚಿದೆ. ಎಲೆಅಡಿಕೆ ಸಂಚಿ ಬಿತ್ತು. ಆಮೇಲೆ ನಿನ್ನೆಯಿಂದ ಕಟ್ಟಿಕೊಂಡಿದ್ದ ಆ ಮಣ್ಣು ಮೆತ್ತಿದ ಅಕ್ಕಿ ಬಿತ್ತು. ಅಕ್ಕಿಯ ಜೊತೆಗೆ ಕಾಫಿ ಬೀಜವೂ ಬಿದ್ದವು! ಗೇಟಿನ ನೆಲದಲ್ಲಿ ಮೊದಲೇ ಯಾರ್‍ಯಾರೋ ಒದರಿದ ಬೀಜ ಇದ್ದೇ ಇರುತ್ತವೆ. ಮಸುಕು ಕಣ್ಣಿಗೆ ಅಕ್ಕಿಯ ಜೊತೆಯಲ್ಲೇ ಆರಿಸಿಕೊಂಡಿದ್ದೆ. ಲಕ್ಕಮ್ಮ ಬಗ್ಗಿ ಒಂದೊಂದೇ ಹೆಕ್ಕಿ ಎಣಿಸಿದಳು. "ಒಂಬತ್ತು! ಸೆಕ್ಯೂರಿಟಿ ಮಡ್ಲಲ್ಲಿ ಒಂಬತ್ತು ಕಾಳು ಕಾಫಿ ಕಣ್ರೇ!" ಲೈನಿಗೆ ಲೈನೇ ನಕ್ಕಿತು. ರತ್ನ ಬಾಗಿಲ ಹಿಂದೆ ನಿಂತು ನಕ್ಕಳು. ಅವಳು ನಕ್ಕದ್ದು ನೋಡಿ ನನಗೆ ಮೊದಲ ಸಲ ಅಳು ಬಂತು, ನುಂಗಿಕೊಂಡೆ.

"ತಗಿ ಬುಕ್ಕ" ಅಂದಳು ಲಕ್ಕಮ್ಮ. "ರೂಲು ಅಂದ್ರೆ ರೂಲು. ಬರಿ."

ಮೊದಲು ರತ್ನಳ ಹೆಸರಿನ ಮೇಲೆ ಗೀಟು ಎಳೆದೆ, ಕಾಗದ ಹರಿಯೋ ಹಾಗೆ. ಕೆಳಗೆ ನನ್ನ ಹೆಸರು, ಅದರ ಮುಂದೆ ಒಂಬತ್ತು ಕಾಳು ಕಾಫಿ ಅಂತ ಬರೆದೆ. ಲಕ್ಕಮ್ಮನಿಗೆ ಓದೋಕೆ ಬಾರದು, ಆದರೂ ಪೂರಾ ಬರೆಯೋವರೆಗೆ ತಲೆಯ ಮೇಲೆ ನಿಂತಿದ್ದಳು.

ಆಮೇಲೆ ಮಣೆ ಹಾಕಿದರು. ಒಬ್ಬೊಬ್ಬರೇ ರತ್ನಳ ಮಡಿಲಿಗೆ ಅಕ್ಕಿ ಹಾಕಿದರು. ನಾನು ಅಂಗಳದ ತುದಿಯಲ್ಲಿ ನಿಂತಿದ್ದೆ. ಲಕ್ಕಮ್ಮ ತಿರುಗಿ ನೋಡಿ, "ಅಲ್ಲೇನ್ ನಿಂತಿದೀಯ, ನೀನೂ ಒಂದು ಹಿಡಿ ಹಾಕು" ಅಂದಳು.

"ನಾನು ಹಾಕ್ಬಾರ್ದು ಕಣೆ. ಮುತ್ತೈದೇನಾ ನಾನು?"

"ಒದರ್‍ಸಾಕೆ ಮುತ್ತೈದೆ ಆಗ್ಬೇಕಿರ್ನಿಲ್ಲ, ಹಾಕಾಕೆ ಆಗ್ಬೇಕಾ? ಬಾ ಸುಮ್ಕೆ."

ಹಾಕಿದೆ. ಅಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಮಧ್ಯಾಹ್ನದ ಬಸ್ಸಿಗೆ ರತ್ನ ಹೊರಟಳು, ಎಡಗೈ ಹೊಟ್ಟೆಯ ಹತ್ತಿರ ಇಟ್ಟುಕೊಂಡು.

ಸೋಮವಾರ ರೈಟರು ಬುಕ್ಕು ತಿರುವಿ ಹಾಕಿದರು. "ಈ ರತ್ನನ ಹೆಸರು ಯಾಕಜ್ಜಿ ಹೊಡ್ದಿದ್ದೀರಿ?"

"ಅಕ್ಷರ ತಪ್ಪಿತ್ತು ಸ್ವಾಮಿ."

ಅವರು ಬೆರಳು ಕೆಳಗೆ ಇಳಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಪರವಾಗಿಲ್ವೇ! ಈ ಹೆಸರು ಒಂದು ಒತ್ತೂ ತಪ್ಪಿಲ್ಲದೆ ಬರ್ದಿದ್ದೀರಿ. ದೇವಮ್ಮ ಅಂತೆ, ಯಾರಿವರು? ನಮ್ಮ ಹಾಜರಿಯಲ್ಲಿ ಈ ಹೆಸರೇ ಇಲ್ಲ."

"ಇದ್ದಾಳೆ ಸ್ವಾಮಿ. ಹಳಬಳು."

"ಒಂಬತ್ತೇ ಕಾಳಾದ್ರೂ ಕಳ್ಳತನ ಕಳ್ಳತನವೇ. ಆ ಹೆಂಗಸಿನ ಮೇಲೆ ಒಂದು ಕಣ್ಣಿಟ್ಟಿರಿ ಅಜ್ಜಿ."

"ಇಟ್ಟಿದ್ದೀನಿ ಸ್ವಾಮಿ" ಅಂದೆ.