ಅಮಾವಾಸ್ಯೆಗೆ ಮಾತ್ರ ಓಡುವ ಕಂಪ್ಯೂಟರ್

ಊರ ಮಂದಿಯ ಸುದ್ದಿ ಕಿವಿಗೆ ಬೀಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಗಂಡ ಹೇಳುತ್ತಾರೆ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಔಷಧದ ಅಂಗಡಿಯಲ್ಲಿ ನನ್ನ ಕೆಲಸ. ಅಲ್ಲಿ ಕೌಂಟರಿನ ಹಿಂದೆ ನಿಂತರೆ ಸಾಕು, ಯಾರಿಗೆ ಹೊಟ್ಟೆಯುರಿ, ಯಾಕೆ ಹೊಟ್ಟೆಯುರಿ, ಯಾರ ಸೊಸೆ ತವರಿಗೆ ಹೋಗಿ ಬರಲೊಲ್ಲೆ ಅಂತಿದ್ದಾಳೆ, ಎಲ್ಲ ತಾನಾಗಿ ಬಂದು ಬೀಳುತ್ತದೆ. ಹೆಸರು ತೆಗೆದು, ಒಗ್ಗರಣೆ ಹಾಕಿ ಸಂಜೆ ಫೋನಿನಲ್ಲಿ ಬರೆಯುತ್ತೇನೆ. ಓದುವವರೂ ಇದ್ದಾರೆ. ‘ನಿಮ್ಮ ಕಣ್ಣಿಗೆ ಏನೂ ತಪ್ಪೋದಿಲ್ಲ ಮೇಡಂ’ ಅಂತ ಒಬ್ಬರು ಬರೆದಿದ್ದರು. ಆ ಮಾತನ್ನು ನಾನು ಪೂರ್ತಿ ನಂಬಿಕೊಂಡು ಬದುಕುತ್ತಿದ್ದೆ. ನಮ್ಮ ಮನೆಗೆ ಕಂಪ್ಯೂಟರ್ ಬರುವವರೆಗೆ.

ಕಂಪ್ಯೂಟರ್ ಬಂದದ್ದು ನನ್ನ ಅತ್ತೆಯ ಸಲುವಾಗಿ. ನಮ್ಮ ಅತ್ತೆ ಗಂಗವ್ವ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಅವರು ನೇಯ್ದ ಸೀರೆ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತದೆ. ಉಟ್ಟವರಿಗೆ ಅಂಗಡಿಯ ಹೆಸರು ಗೊತ್ತು, ಗಂಗವ್ವನ ಹೆಸರು ಗೊತ್ತಿಲ್ಲ. ಹೀಗಿರುವಾಗ ಹುಬ್ಬಳ್ಳಿಯಲ್ಲಿ ಕೈಮಗ್ಗದ ಸೀರೆಗಳ ಪ್ರದರ್ಶನ ನಡೆಯುತ್ತದೆ, ನೇಕಾರರು ತಮ್ಮ ಹೆಸರಿನಲ್ಲೇ ಮಳಿಗೆ ಹಾಕಬಹುದು ಎಂಬ ಸುದ್ದಿ ನನ್ನ ಫೋನಿಗೆ ಬಂತು. ಒಂದೇ ಷರತ್ತು. ನೇಯುವುದನ್ನು ತೋರಿಸುವ ಒಂದು ಎಚ್‌ಡಿ ವಿಡಿಯೊ ಕಳಿಸಬೇಕು, ಸೀರೆಯ ಎಳೆ ಎಳೆ ಕಾಣಬೇಕು, ನೋಡಿ ಆರಿಸುತ್ತಾರೆ. ಅತ್ತೆಗೆ ಓದಿ ಹೇಳಿದೆ. ಅವರು ಲಾಳಿ ಹಿಡಿದ ಕೈ ನಿಲ್ಲಿಸಿ ಕೇಳಿದರು, "ಅಂದ್ರ ಅಲ್ಲಿ ಬೋರ್ಡಿನ ಮ್ಯಾಲ ಗಂಗವ್ವ ಅಂತ ಬರದಿರ್ತಾರೇನ?"

"ಹೌದ್ರಿ ಅತ್ತೇರ. ದೊಡ್ಡ ಅಕ್ಷರದಾಗ."

"ಹಂಗಾರ ನನಗೊಂದು ಚಲೋ ಕುಪ್ಪಸ ಹೊಲಿಸು" ಎಂದು ಮತ್ತೆ ಲಾಳಿ ಓಡಿಸಿದರು. ಮಳಿಗೆ ಸಿಕ್ಕೇ ಬಿಟ್ಟಿತು ಎಂಬ ಧೈರ್ಯ.

ಮೊದಲು ಪ್ರಯೋಗಕ್ಕೆಂದು ಫೋನಿನಲ್ಲೇ ಒಂದು ವಿಡಿಯೊ ಜೋಡಿಸಲು ಹೋದರೆ ಫೋನು ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಕೊನೆಗೆ ರೋಣದಲ್ಲಿ ಬಾಗಿಲು ಹಾಕಿದ ಒಂದು ಫೋಟೊ ಸ್ಟುಡಿಯೊದವರ ಹಳೆಯ ಕಂಪ್ಯೂಟರನ್ನು ಅಗ್ಗಕ್ಕೆ ತಂದೆವು. ಹೊಸ ಹಾರ್ಡ್ ಡಿಸ್ಕ್ ಹಾಕಿಸಿದೆ, ಮೆಮೊರಿ ಹೆಚ್ಚಿಸಿದೆ, ಪುಕ್ಕಟೆ ಸಿಗುವ ಎಡಿಟಿಂಗ್ ಸಾಫ್ಟ್‌ವೇರ್ ಇಳಿಸಿಕೊಂಡೆ. ಬಡವರ ಕಂಪ್ಯೂಟರಿಗೆ ಒಂದು ಉಪಾಯವಿದೆ, ಅದನ್ನೂ ಕಲಿತೆ. ದೊಡ್ಡ ವಿಡಿಯೊಗಳಿಗೆ ಸಣ್ಣ ನಕಲು ಮಾಡಿಕೊಂಡು, ಆ ನಕಲಿನ ಮೇಲೆ ಕತ್ತರಿಸುವುದು, ಜೋಡಿಸುವುದು ಎಲ್ಲ ಮುಗಿಸುವುದು. ಕಟ್ಟಕಡೆಗೆ ‘ಎಕ್ಸ್‌ಪೋರ್ಟ್’ ಅಂತ ಒತ್ತಿದರೆ ಕಂಪ್ಯೂಟರ್ ತಾನೇ ನಕಲು ಬಿಟ್ಟು ದೊಡ್ಡ ವಿಡಿಯೊ ಎತ್ತಿಕೊಂಡು ಅಡಿಗೆ ಮಾಡಿಕೊಡುತ್ತದೆ. ನಮ್ಮ ಹಳೆಯ ಯಂತ್ರಕ್ಕೆ ಈ ಅಡಿಗೆಗೆ ನಾಲ್ಕೈದು ತಾಸು ಬೇಕು. ಅಷ್ಟೂ ಹೊತ್ತು ಅದು ಗುಂಯ್ ಅನ್ನುತ್ತದೆ.

ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ನಾನು ನನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದೆ. ಕಂಪ್ಯೂಟರಿಗೆ ತಂಪು ಬೇಕು ಎಂದು ಎಲ್ಲ ಕಡೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ತಂಪಾದ ಜಾಗ ಅಂದರೆ ಮಗ್ಗದ ಕೋಣೆ. ಎಳೆ ಒಣಗಿ ಹರಿಯಬಾರದೆಂದು ಅಲ್ಲಿ ಮಣ್ಣಿನ ನೆಲಕ್ಕೆ ನೀರು ಚಿಮುಕಿಸುತ್ತಾರೆ, ಬಿಸಿಲು ಒಳಗೆ ಬರುವುದಿಲ್ಲ. ಏ.ಸಿ. ಇಲ್ಲದೆ ಏ.ಸಿ. ಸಿಕ್ಕಿತು ಅಂತ ಮೂಲೆಯಲ್ಲಿ ಮೇಜು ಹಾಕಿ ಕಂಪ್ಯೂಟರನ್ನು ಕೂರಿಸಿದೆ. ಅತ್ತೆ ಅದಕ್ಕೂ ಕುಂಕುಮ ಹಚ್ಚಿದರು.

ವಿಡಿಯೊ ತೆಗೆದದ್ದು ನನ್ನ ಗಂಡ, ತಮ್ಮ ವಾರದ ರಜೆಯಲ್ಲಿ, ನಾನು ಅಂಗಡಿಗೆ ಹೋಗಿದ್ದಾಗ. ಅವರು ನರಗುಂದದ ಕಡೆ ಓಡುವ ಬಸ್ಸಿನ ಕಂಡಕ್ಟರ್. ಚಲೋ ತೆಗೆದಿದ್ದರು. ಅತ್ತೆಯ ಕೈ, ಲಾಳಿ, ಕೆಂಪು ಸೆರಗು, ಎಲ್ಲ ಎದ್ದು ಕಾಣುತ್ತಿತ್ತು. ಆದರೆ ಹಿಂದೆ ಮೂಲೆಯಲ್ಲಿ ಯಾವುದೋ ಹಸಿರು ಬಟ್ಟೆಯ ಗಂಟು. ನೋಡುವವರ ಕಣ್ಣು ಅತ್ತೆಯನ್ನು ಬಿಟ್ಟು ಆ ಗಂಟಿಗೇ ಹೋಗುತ್ತಿತ್ತು. ‘ಕಂಡಕ್ಟರ್ ಸಾಹೇಬ್ರಿಗೆ ಒಂದ್ ಗಂಟು ಎತ್ತಿಡಾಕ ಆಗಲಿಲ್ಲ’ ಎಂದು ಬೈದುಕೊಳ್ಳುತ್ತ, ಆ ಮೂಲೆಯನ್ನಷ್ಟೇ ಮಸುಕು ಮಾಡುವುದನ್ನು ಕಲಿತು ಮಾಡಿದೆ. ಅದಕ್ಕೇ ಒಂದು ವಾರದ ಸಂಜೆಗಳು ಹೋದವು. ಮಾಡಿ ಮುಗಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಲ್ಲಿಂದ ಶುರುವಾಯಿತು ಗೋಳು. ಗುಂಯ್ ಸದ್ದಿಗೆ ಅತ್ತೆಗೆ ನಿದ್ದೆ ಬರುವುದಿಲ್ಲವೆಂದು ರಾತ್ರಿ ಎಕ್ಸ್‌ಪೋರ್ಟ್ ಮಾಡುವ ಹಾಗಿರಲಿಲ್ಲ. ಬೆಳಿಗ್ಗೆ ಒತ್ತಿ ಅಂಗಡಿಗೆ ಹೋಗುವುದು, ಸಂಜೆ ಬಂದು ನೋಡಿದರೆ ಕಂಪ್ಯೂಟರ್ ಸತ್ತು ಬಿದ್ದಿರುವುದು. ಕರೆಂಟಿನ ತಂಟೆ ಅಂದುಕೊಂಡು ಯು.ಪಿ.ಎಸ್. ತಂದೆ. ಅದು ಕೂಡ ಪಕ್ಕದಲ್ಲಿ ಕೂತು ಸಾಯುವುದನ್ನು ನೋಡುತ್ತಿತ್ತು. ಕೊನೆಗೆ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇವರದೇ ಬಸ್ಸು ಹತ್ತಿ ನರಗುಂದದ ರಿಪೇರಿ ಅಂಗಡಿಗೆ ಹೊರಟೆ. ಇವರು ನನ್ನ ಮುಂದೆ ಬಂದು ನಿಂತು ಟಿಕೆಟ್ ಮಶಿನ್ ಒತ್ತಿದರು.

"ಏನ್ರಿ ಇದು, ಹೆಂಡ್ತಿಗೂ ಲಗೇಜ್ ಹಾಕ್ತೀರೇನು?"

"ಹೆಂಡ್ತಿಗಲ್ಲ, ಡಬ್ಬಿಗೆ. ನೀ ಮನ್ಯಾಗ ಸಾಹೇಬರು, ಇಲ್ಲಿ ನಾ."

ಇಡೀ ಬಸ್ಸು ನಕ್ಕಿತು. ರೋಣದವರೆಗೆ ನಾನು ಕಿಟಕಿಯ ಹೊರಗೇ ನೋಡಿದೆ.

ನರಗುಂದದ ರಿಪೇರಿಯವನು ಡಬ್ಬಿ ಬಿಚ್ಚಿ ಒರೆಸಿ, ಹೊತ್ತು ಮುಳುಗುವವರೆಗೆ ಓಡಿಸಿ ನೋಡಿದ. ಶಾಲೆಗೆ ಇನ್‌ಸ್ಪೆಕ್ಟರ್ ಬಂದ ದಿನದ ಹುಡುಗನ ಹಾಗೆ ಕಂಪ್ಯೂಟರ್ ಸುಮ್ಮನೆ ಹೇಳಿದ್ದೆಲ್ಲ ಮಾಡಿತು. "ಏನೂ ಆಗಿಲ್ಲ ನೋಡ್ರಿ ಅಕ್ಕಾರ, ಕುದುರಿ ಇದ್ದಂಗ ಐತಿ" ಎಂದ. ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೇ ಹಲ್ಲುನೋವು ಮಾಯವಾಗುವವರನ್ನು ನಾನು ದಿನಾ ನೋಡುತ್ತೇನೆ, ಆದರೂ ಸಿಟ್ಟು ಬಂತು. ಮನೆಗೆ ತಂದು ಹಚ್ಚಿದೆ. ಮರುದಿನ ಮತ್ತೆ ಸತ್ತಿತು.

ಆಮೇಲೆ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಯ ದಿನ ಯಾರೂ ಮಗ್ಗಕ್ಕೆ ಕೂರುವುದಿಲ್ಲ. ಮಗ್ಗಕ್ಕೆ ಪೂಜೆ, ಮನೆಯಲ್ಲಿ ಹೋಳಿಗೆ, ಅತ್ತೆಗೆ ಓಣಿಯ ಹೆಂಗಸರ ಜೊತೆ ಮಾತು. ಆಸೆಯಿಲ್ಲದಿದ್ದರೂ ಎಕ್ಸ್‌ಪೋರ್ಟ್ ಒತ್ತಿ ಹೋಗಿದ್ದೆ. ಸಂಜೆ ಬಂದು ನೋಡಿದರೆ ಪೂರ್ತಿ ಆಗಿ ಕೂತಿದೆ! ನಾನು ಚಪ್ಪಲಿ ಕಾಲಲ್ಲೇ ಕುಣಿದೆ. ಎಲ್ಲರೂ ಕೂತು ನೋಡಿದೆವು. ಅರ್ಧಕ್ಕೆ ಬಂದಾಗ ಅತ್ತೆಯ ಮುಖ ಗಂಟಾಯಿತು.

"ಗಿರಿಜಾ, ಎಳಿ ಹರದದ್ದೂ ಹಾಕಿಯೇನ?"

"ಹಾಕೀನ್ರಿ. ಖರೇ ಕಾಣ್ತೈತಿ ಅಂತ."

"ನಿನ್ನ ಖರೇಕ್ಕ ಬೆಂಕಿ ಹತ್ತಲಿ! ನೀ ರೊಟ್ಟಿ ಹೊತ್ತಿಸಿದ್ದು ಊರ ಮಂದಿಗೆ ತೋರಸ್ತೀಯೇನು? ತಗಿ ಅದನ್ನ."

ತೆಗೆಯುವುದು ಒಂದು ಗಳಿಗೆಯ ಕೆಲಸ. ಮತ್ತೆ ಎಕ್ಸ್‌ಪೋರ್ಟ್ ಮಾಡುವುದೇ ಕಷ್ಟ. ಮರುದಿನ ಹಚ್ಚಿದೆ, ಸತ್ತಿತು. ಅದರ ಮರುದಿನವೂ ಸತ್ತಿತು. ವಿಡಿಯೊ ಕಳಿಸಲು ಶುಕ್ರವಾರ ಸಂಜೆ ಕೊನೆ. "ಮಗ್ಗದ ಜೋಡಿ ಜಿದ್ದು ಕಟ್ಟೇತಿ ಅದು, ಮಗ್ಗ ನಿಂತ್ರ ಮಾತ್ರ ದುಡಿತೈತಿ. ಮುಂದಿನ ಅಮಾಸಿಗೆ ನೋಡು" ಎಂದು ಇವರು ನಗೆಯಾಡಿದರು. ಅತ್ತೆ ನಗಲಿಲ್ಲ. ಹೊಲಿಸಿ ತಂದ ಹೊಸ ಕುಪ್ಪಸವನ್ನು ಮಡಿಚಿ ಟ್ರಂಕಿನೊಳಗೆ ಇಟ್ಟರು. "ಇರ್ಲಿ ಬಿಡವ್ವಾ. ಇಷ್ಟ ದಿನ ಹೆಸರಿಲ್ಲದ ನೇದೀನಿ, ಇನ್ನೇನು" ಎಂದರು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಶುಕ್ರವಾರ ನಾನು ಅಂಗಡಿಗೆ ರಜೆ ಹಾಕಿದೆ. ಬೆಳಿಗ್ಗೆಯೇ ಎಕ್ಸ್‌ಪೋರ್ಟ್ ಒತ್ತಿ, ಎದುರಿಗೆ ಕುರ್ಚಿ ಹಾಕಿಕೊಂಡು ಪೊಲೀಸರ ಹಾಗೆ ಕೂತೆ. ಚೆನ್ನಾಗಿಯೇ ಓಡುತ್ತಿತ್ತು. ಚಹಾ ಇಡಲು ಒಳಗೆ ಹೋಗಿ ಎರಡು ಕಪ್ಪು ಹಿಡಿದು ಬಂದು ನೋಡುತ್ತೇನೆ, ನನ್ನ ಅತ್ತೆ ಎಂಟು ಗಜದ ತಮ್ಮ ಹಳೆಯ ಹಸಿರು ಸೀರೆಯನ್ನು ನಾಲ್ಕು ಪದರ ಮಾಡಿ ಕಂಪ್ಯೂಟರಿನ ಡಬ್ಬಿಗೆ ಹೊಚ್ಚುತ್ತಿದ್ದಾರೆ. ಬಾಣಂತಿ ಕೋಣೆಯ ಕೂಸಿಗೆ ಹೊಚ್ಚಿದ ಹಾಗೆ ಸುತ್ತಲೂ ಚಂದಗೆ ಸಿಗಿಸಿ, ಹಿಂದೆ ಫ್ಯಾನು ಬಿಸಿಗಾಳಿ ಬಿಡುವ ಜಾಗಕ್ಕೆ ಸೆರಗಿನ ಚುಂಗನ್ನು ತುರುಕುತ್ತಿದ್ದಾರೆ.

"ಅತ್ತೇರ! ಏನ್ ಮಾಡಾಕ್ಹತ್ತೀರಿ?"

"ನೇಯಾಕ ಕುಂದರ್ತೀನಲ್ಲವಾ, ನೂಲಿನ ಧೂಳ ಹೋಗತೈತಿ ಅದರೊಳಗ. ದಿನಾ ಹೊಚ್ತೀನಿ, ಎದ್ದ ಮ್ಯಾಲ ತಗದ ಮಡಚಿ ಇಡ್ತೀನಿ. ನೀ ಇಷ್ಟ ಆಸೆಪಟ್ಟು ತಂದೀದಿ, ಕೆಡಬಾರದಲ್ಲಾ."

ನಾನು ಸೀರೆಯೊಳಗೆ ಕೈ ಹಾಕಿ ಡಬ್ಬಿ ಮುಟ್ಟಿದೆ. ರೊಟ್ಟಿಯ ಹಂಚು. ದಿನವಿಡೀ ಜ್ವರದ ಗುಳಿಗೆ ಮಾರುವವಳು ನಾನು, ಮನೆಯಲ್ಲಿ ಒಂದು ಜೀವ ದಿನಾ ಜ್ವರ ಬಂದು ಸಾಯುತ್ತಿದ್ದದ್ದು ಗೊತ್ತೇ ಆಗಿರಲಿಲ್ಲ. ಸೀರೆ ಕಿತ್ತು ತೆಗೆದು, ಬಿಸಿಗಾಳಿ ಹೊರಗೆ ಹೋಗಲೇಬೇಕು ಅಂತ ತಿಳಿಸಿ ಹೇಳಿದೆ. ಅತ್ತೆ ಡಬ್ಬಿ ನೋಡಿದರು, ಮಗ್ಗ ನೋಡಿದರು. ಹೊಚ್ಚದಿದ್ದರೆ ಧೂಳು, ಹೊಚ್ಚಿದರೆ ಬೆಂಕಿ. ಓಡುವಾಗ ಎತ್ತಿ ಬೇರೆ ಕಡೆ ಇಡುವ ಹಾಗೂ ಇಲ್ಲ.

ಮಾವನ ತಿಥಿ ಮುಗಿಸಿಯೂ ಮಧ್ಯಾಹ್ನ ಮಗ್ಗಕ್ಕೆ ಕೂತಿದ್ದ ಹೆಂಗಸು ಅವರು. ಅಮಾವಾಸ್ಯೆ ಬಿಟ್ಟರೆ ಆ ಮಗ್ಗ ನಿಂತದ್ದನ್ನು ನಾನು ಕಂಡಿಲ್ಲ. ಅತ್ತೆ ಲಾಳಿಯನ್ನು ಗೂಡಿನಲ್ಲಿ ಇಟ್ಟು, ನನ್ನ ಕೈಯಿಂದ ಚಹಾ ತೆಗೆದುಕೊಂಡು, ನೆಲಕ್ಕೆ ಕೂತರು.

"ಹೋಗ್ಲಿ. ಇವತ್ತ ಅಮಾಸಿ ಅಂತ ತಿಳಕೊ."

ಹಾಗೆ ನಮ್ಮ ಮನೆಯಲ್ಲಿ ಶುಕ್ಲಪಕ್ಷದಲ್ಲಿ ಒಂದು ಅಮಾವಾಸ್ಯೆ ಆಯಿತು. ಮಧ್ಯಾಹ್ನ ಹೋಳಿಗೆ ಕೂಡ ಮಾಡಿದೆವು, ಯಾಕೆ ಬಿಡಬೇಕು. ಹೊತ್ತು ಇಳಿಯುವ ಮೊದಲೇ ವಿಡಿಯೊ ತಯಾರಾಯಿತು, ಕಳಿಸಿದೆ, ತಲುಪಿತು ಅಂತ ಉತ್ತರವೂ ಬಂತು. ಅತ್ತೆ ಟ್ರಂಕಿನಿಂದ ಕುಪ್ಪಸ ತೆಗೆದು ಗೂಟಕ್ಕೆ ಹಾಕಿದರು. ಇವರು ಡ್ಯೂಟಿ ಮುಗಿಸಿ ಬಂದ ಮೇಲೆ ಟಿ.ವಿ.ಗೆ ಹಚ್ಚಿ ಮತ್ತೊಮ್ಮೆ ನೋಡಿದೆವು. ಎಳೆ ಎಳೆ ಕಾಣುತ್ತಿತ್ತು, ಒಂದೂ ಹರಿದಿರಲಿಲ್ಲ. ಅತ್ತೆ ಬೆರಳು ತೋರಿಸಿ ಕೇಳಿದರು,

"ಎಲ್ಲಾ ಚಲೋ ಬಂದೈತಿ, ಆ ಮೂಲಿಗೆ ಯಾಕ ಮಂಜ ಕವದೈತಿ?"

"ನಾನ ಮಾಡೀನ್ರಿ. ಅಲ್ಲೊಂದು ಹಸರು ಗಂಟು ಇತ್ತು, ಅಸಹ್ಯ ಕಾಣ್ತಿತ್ತು. ಒಂದ್ ವಾರ ಕುಂತು ಮುಚ್ಚೀನಿ."

ಇವರು ನನ್ನ ಮುಖ ನೋಡಿದರು. ಅತ್ತೆಯೂ ನೋಡಿದರು.

"ಗಂಟ ಎಲ್ಲಿತ್ತವಾ ಅಲ್ಲೆ? ನನ್ನ ಸೀರಿ ಹೊಚ್ಕೊಂಡು ನಿನ್ನ ಕಂಪ್ಯೂಟರ್ ಕುಂತಿತ್ತು."